ಎಂಬತ್ತು ಅಳಿಲುಗಳ ನಿಲುವಂಗಿ

ಪೋಪರಿಗೂ ಚಕ್ರವರ್ತಿಗೂ ನಡೆಯುತ್ತಿದ್ದ ಜಗಳ ಆ ವರ್ಷ ಇನ್ನಷ್ಟು ಕೆಟ್ಟಿತ್ತು. ಊರಿನ ಉತ್ತರಕ್ಕೆ ನದಿ ಎರಡು ಸಲ ಉಕ್ಕಿ ಗೋಧಿ ಹೊಲಗಳನ್ನು ಕೊಚ್ಚಿಕೊಂಡು ಹೋಗಿತ್ತು. ಎರಡು ದೊಡ್ಡ ಮನೆತನಗಳು ತಮ್ಮ ತಮ್ಮ ಗೋಪುರಗಳ ಮೇಲಿಂದ ಒಬ್ಬರ ಮೇಲೊಬ್ಬರು ಕಲ್ಲು ತೂರಿ, ಕೆಳಗೆ ತನ್ನ ಪಾಡಿಗೆ ಹೋಗುತ್ತಿದ್ದ ಮೂರನೆಯವರ ಹೇಸರಗತ್ತೆಯನ್ನು ಕೊಂದಿದ್ದವು. ಇವೆಲ್ಲ ಇದ್ದದ್ದೇ. ನಮ್ಮ ಊರಿನ ಹಿರಿಯರ ನಿದ್ದೆಗೆಡಿಸಿದ, ಕಾನೂನು ಬಲ್ಲವರನ್ನು ಎರಡು ಬಣ ಮಾಡಿದ, ನಗರಸಭೆಯ ಆರು ಸಭೆಗಳನ್ನು ನುಂಗಿದ ಮಹಾಪ್ರಶ್ನೆ ಬೇರೆಯೇ ಇತ್ತು: ಎಂಬತ್ತು ಅಳಿಲುಗಳ ಹೊಟ್ಟೆಯ ತುಪ್ಪಳವನ್ನು ಒಳಗೆ ಹೊಲಿದ ಒಂದು ಕೆಂಪು ನಿಲುವಂಗಿಯನ್ನು ಸಾಸೇಜು ಮಾರುವ ಮಬೀಲಿಯಾಳ ಮಗಳು ತೊಡಬಹುದೇ, ತೊಡಬಾರದೇ?

ಮಗಳ ಹೆಸರು ರಿಕೆಲ್ದಾ. ಇಪ್ಪತ್ತೇಳು ವರ್ಷ. ಕಾನೂನಿನ ಡಾಕ್ಟರ್.

ಅವಳು ಡಾಕ್ಟರ್ ಆದದ್ದರಲ್ಲಿ ಮಬೀಲಿಯಾಳ ಪಾತ್ರ ಏನೂ ಇರಲಿಲ್ಲ. ಇದ್ದರೆ ಅದು ಮನೆಯ ಮಹಡಿಯದು. ಮಹಡಿಯ ಎರಡು ಕೋಣೆಗಳಲ್ಲಿ ಮೊದಲಿನಿಂದಲೂ ಕಾನೂನು ಓದುವ ಹುಡುಗರು ಇರುತ್ತಿದ್ದರು. ಅವರು ಅತ್ತಿಂದಿತ್ತ ನಡೆಯುತ್ತ ರೋಮನ್ ಕಾನೂನನ್ನು ಗಟ್ಟಿಯಾಗಿ ಉರು ಹೊಡೆಯುವುದು, ಕೆಳಗೆ ಕರುಳಿಗೆ ಮಾಂಸ ತುಂಬುತ್ತ ಕೂತ ಏಳು ವರ್ಷದ ರಿಕೆಲ್ದಾ ಅವರು ತಪ್ಪಿದಲ್ಲಿ ಮೆಟ್ಟಿಲ ಬುಡದಿಂದ ಕೂಗಿ ತಿದ್ದುವುದು, ಹೀಗೆ ಶುರುವಾಯಿತು. ಸುದ್ದಿ ಮುದುಕ ಗುರು ಅರ್ಮಾನ್ನೊನ ಕಿವಿಗೆ ಬಿತ್ತು. ಮಕ್ಕಳಿಲ್ಲದ ಆ ಮನುಷ್ಯ ಅವಳಿಗೆ ತಾನೇ ಕಲಿಸಿದ. ಹದಿನೆಂಟು ವರ್ಷದ ನಂತರ ಡಾಕ್ಟರುಗಳ ಮಂಡಳಿ ಅವಳನ್ನು ಪರೀಕ್ಷೆಗೆ ಕೂರಿಸಿತು. ಅವಳು ತಪ್ಪಿದ ತಕ್ಷಣ ಬೇಡವೆನ್ನೋಣ ಎಂದು ಎಲ್ಲರೂ ತಯಾರಾಗಿಯೇ ಬಂದಿದ್ದರು. ಅವಳು ತಪ್ಪಲಿಲ್ಲ. ಬೇಡವೆನ್ನಲು ಬೇರೆ ಕಾರಣವನ್ನು ಯಾರೂ ತಂದಿರಲಿಲ್ಲವಾದ್ದರಿಂದ ಸಂಜೆಯಾಗುವ ಹೊತ್ತಿಗೆ ಎಲ್ಲರೂ ರುಜು ಹಾಕಿದರು.

ಮಬೀಲಿಯಾಳಿಗೆ ಕಾನೂನೆಂದರೆ ಗಂಡಸರು ಊಟಕ್ಕೆ ತಡವಾಗಿ ಬರಲು ಕಂಡುಹಿಡಿದ ನೆಪ. ಮಗಳು ಡಾಕ್ಟರ್ ಆದಮೇಲೆ ಹೆಂಗಸರೂ ತಡವಾಗಿ ಬರಬಲ್ಲರೆಂದು ಅವಳಿಗೆ ತಿಳಿಯಿತು. ಆದರೂ ಬೀದಿಯವರು "ಡಾಕ್ಟರಮ್ಮನ ತಾಯಿ" ಎಂದಾಗ ಅವಳು ಇನ್ನೊಂದು ಸಲ ಹೇಳಲೆಂದು ಕಿವಿ ಕೇಳಿಸದವಳಂತೆ ನಿಲ್ಲುತ್ತಿದ್ದಳು.

ಆ ವಸಂತದಲ್ಲಿ ಅರ್ಮಾನ್ನೊ ತೀರಿಕೊಂಡ. ಹೋಗುವಾಗ ತನ್ನ ನಿಲುವಂಗಿಯನ್ನು ಶಿಷ್ಯೆಗೆ ಬಿಟ್ಟು ಹೋದ. ವಿದ್ಯಾರ್ಥಿಗಳ ಸಂಘ ಅವನ ಬೆಳಗಿನ ಪಾಠವನ್ನೂ ಅವಳಿಗೇ ಕೊಟ್ಟಿತು. ನಮ್ಮಲ್ಲಿ ಗುರುಗಳನ್ನು ನೇಮಿಸುವವರು ವಿದ್ಯಾರ್ಥಿಗಳೇ. ಅಕ್ಟೋಬರಿನ ಸಂತ ಲೂಕನ ಹಬ್ಬದ ಮರುದಿನ, ಬೆಳಗಿನ ಗಂಟೆಗೆ ಮೊದಲ ಪಾಠ.

ಇಷ್ಟರಲ್ಲಿ ಉಡುಪಿನ ಕಾನೂನು ಬಂತು.

ಹೆಂಗಸರು ಬಟ್ಟೆಬರೆಯಲ್ಲಿ ಊರನ್ನೇ ಮುಳುಗಿಸುತ್ತಿದ್ದಾರೆ ಎಂಬುದು ನಗರಸಭೆಯ ಹಳೆಯ ದುಃಖ. ಹಾಗಾಗಿ ಯಾವ ಹೆಂಗಸೂ ಅಳಿಲು ತುಪ್ಪಳ ತೊಡುವಂತಿಲ್ಲ, ಅಂಗಿಯ ಸೆರಗು ಒಂದು ಗೇಣಿಗಿಂತ ಹೆಚ್ಚು ನೆಲದ ಮೇಲೆ ಎಳೆದಾಡುವಂತಿಲ್ಲ ಎಂದು ಬರೆದರು. ಬರೆದವರು ಕಾನೂನಿನ ಡಾಕ್ಟರುಗಳು. ಅವರೂ ರಾತ್ರಿ ಮನೆಗೆ ಹೋಗಬೇಕಾದವರೇ. ಆದ್ದರಿಂದ ಕೊನೆಯಲ್ಲಿ ಒಂದು ಸಾಲು ಸೇರಿಕೊಂಡಿತು: ಯೋಧರ ಮತ್ತು ಕಾನೂನಿನ ಡಾಕ್ಟರುಗಳ ಹೆಂಡತಿ, ತಾಯಿ, ಹೆಣ್ಣುಮಕ್ಕಳಿಗೆ ತುಪ್ಪಳದ ನಿಷೇಧ ಅನ್ವಯಿಸುವುದಿಲ್ಲ; ಅವರು ಹಬ್ಬಕ್ಕೆ ಮೊದಲು ಬಟ್ಟೆ ತಂದು ತೋರಿಸಿ ಸೀಸದ ಮುದ್ರೆ ಒತ್ತಿಸಿಕೊಂಡರೆ ಸಾಕು. ಅಕ್ಕತಂಗಿಯರು ಬಿಟ್ಟುಹೋದರು, ಏಕೆಂದರೆ ಬರೆದವರಲ್ಲಿ ಯಾರ ಮನೆಯಲ್ಲೂ ಅಕ್ಕತಂಗಿಯರಿರಲಿಲ್ಲ. ತಾಯಂದಿರು ಸೇರಿದ್ದಕ್ಕೆ ಡಾಕ್ಟರ್ ಬೊನಿಫಾಂತೆಯ ತಾಯಿ ಕಾರಣ. ಆಕೆಗೆ ತೊಂಬತ್ತು ವರ್ಷ. ಮಗ ಏನು ಬರೆಯುತ್ತಿದ್ದಾನೆಂದು ಹೆಗಲ ಮೇಲಿಂದ ಬಗ್ಗಿ ನೋಡುವಷ್ಟು ಗಟ್ಟಿಮುಟ್ಟು. ಡಾಕ್ಟರೇ ಹೆಂಗಸಾದರೆ ಏನು ಎಂಬ ಯೋಚನೆ ಯಾರ ತಲೆಗೂ ಬರಲಿಲ್ಲ. ಅವರೆಲ್ಲ ಎರಡು ವರ್ಷದ ಹಿಂದೆ ಅದಕ್ಕೇ ರುಜು ಹಾಕಿದ್ದರು. ಆದರೆ ರುಜು ಹಾಕಿದ್ದನ್ನೆಲ್ಲ ನೆನಪಿಟ್ಟುಕೊಂಡರೆ ಕಾನೂನಿನವರು ಬದುಕುವುದು ಕಷ್ಟ.

ಇದನ್ನು ಜಾರಿಗೆ ತರಲು ಬೆರಾರ್ದೊ ಎಂಬ ಅಧಿಕಾರಿಯನ್ನು ಹೊರ ಊರಿನಿಂದ ಆರು ತಿಂಗಳಿಗೆ ಕರೆಸಿದರು. ನಮ್ಮ ಊರಿನವನನ್ನೇ ಇಟ್ಟರೆ ಹೆಂಡತಿ, ನಾದಿನಿ, ಅತ್ತೆಯರ ಎದುರು ಅಳತೆಗೋಲು ಹಿಡಿದು ನಿಲ್ಲಲಾರ ಎಂದು ಹೀಗೊಂದು ಪದ್ಧತಿ. ಅವಧಿ ಮುಗಿದ ಮೇಲೂ ಅಂಥವರು ತಕ್ಷಣ ಊರು ಬಿಡುವಂತಿಲ್ಲ. ಕಾನೂನಿನ ಡಾಕ್ಟರುಗಳು ಕೂತು ಅವರು ಬರೆದಿಟ್ಟ ಒಂದೊಂದು ಸಾಲನ್ನೂ ಬಿಡಿಸಿ ನೋಡುತ್ತಾರೆ. ತಪ್ಪು ಸಿಕ್ಕಿದರೆ ಅಧಿಕಾರಿಯ ಮುಂದಿನ ಚಳಿಗಾಲ ನಮ್ಮ ಊರಿನ ಸೆರೆಮನೆಯಲ್ಲೇ ಕಳೆಯುತ್ತದೆ. ಬೆರಾರ್ದೊಗೆ ತನ್ನ ಊರಿನ ಮೇಲೆ ಬಹಳ ಪ್ರೀತಿ. ಹಾಗಾಗಿ ಅವನು ಬಹಳ ಪ್ರಾಮಾಣಿಕ.

ಹಬ್ಬಕ್ಕೆ ಎಂಟು ದಿನವಿರುವಾಗ ಅವನು ಮಬೀಲಿಯಾಳ ಅಂಗಡಿಯ ಬಾಗಿಲಲ್ಲಿ ನಿಂತ.

"ಡಾಕ್ಟರಮ್ಮ ಇದ್ದಾರಾ?"

"ಇದ್ದಾಳೆ. ಕೈಯಲ್ಲಿ ಕರುಳಿದೆ. ಒಳಗೆ ಬನ್ನಿ," ಎಂದಳು ಮಬೀಲಿಯಾ.

ರಿಕೆಲ್ದಾ ಮೊಣಕೈವರೆಗೂ ಮಾಂಸ ಮೆತ್ತಿಕೊಂಡೇ ಎದ್ದು ಬಂದಳು. ಬೆರಾರ್ದೊ ಗಂಟಲು ಸರಿಮಾಡಿಕೊಂಡ.

"ನೀವು ಹಬ್ಬದ ಮರುದಿನ ಅಳಿಲು ತುಪ್ಪಳ ಹಾಕ್ತೀರಂತೆ?"

"ಹಾಕದೆ ಪಾಠ ಹೇಳೋ ಹಾಗಿಲ್ಲ ಸ್ವಾಮಿ. ಡಾಕ್ಟರ್ ಅಂದ್ಮೇಲೆ ಹಾಕಲೇಬೇಕು."

"ಆದರೆ ನೀವು ಹೆಂಗಸು."

"ಅದೂ ಹೌದು."

"ಹೆಂಗಸು ಹಾಕೋ ಹಾಗಿಲ್ಲ. ಡಾಕ್ಟರ ಹೆಂಡತಿ, ತಾಯಿ, ಮಗಳು, ಈ ಮೂವರು ಹಾಕಬಹುದು. ನೀವು ಯಾವ ಡಾಕ್ಟರ ಹೆಂಡತಿ?"

"ಯಾರದ್ದೂ ಅಲ್ಲ."

"ತಾಯಿ?"

"ಅಯ್ಯೋ!"

"ಮಗಳು?"

"ಇವಳಪ್ಪ ಸಾಸೇಜು ಮಾಡ್ತಿದ್ರು," ಎಂದಳು ಮಬೀಲಿಯಾ. "ಆ ಕೆಲಸದಲ್ಲಿ ಅವರನ್ನ ಮೀರಿಸಿದವರಿಲ್ಲ. ಅದು ನಡೆಯುತ್ತಾ?"

"ನಡೆಯಲ್ಲ ತಾಯಿ."

"ಸ್ವಾಮಿ, ಡಾಕ್ಟರ ಹೆಂಡತಿ ಹಾಕಬಹುದು, ಡಾಕ್ಟರೇ ಹಾಕಬಾರದಾ?" ಎಂದಳು ರಿಕೆಲ್ದಾ.

"ಡಾಕ್ಟರು ಹಾಕಬಹುದು. ಈ ಕಾನೂನಿನ ಮಟ್ಟಿಗೆ ನೀವು ಡಾಕ್ಟರಲ್ಲ. ಬರೆದವರ ಮನಸ್ಸಲ್ಲಿ ಗಡ್ಡ ಇತ್ತು."

"ಬಾಗಿಲಲ್ಲಿ ಡಾಕ್ಟರಮ್ಮ ಅಂದ್ರಲ್ಲ?"

"ಅದು ಬೀದಿ ಮಾತು. ಮುದ್ರೆ ಇಲ್ಲದ ತುಪ್ಪಳ ಹಾಕ್ಕೊಂಡು ಪೀಠ ಹತ್ತಿದ್ರೆ ಅಲ್ಲೇ ಬಿಚ್ಚಿಸಿ ತಗೊಂಡು ಹೋಗ್ತೀನಿ. ನನಗೆ ನಿಮ್ಮ ಮೇಲೆ ಕೋಪ ಏನಿಲ್ಲ. ಮನೆಗೆ ಹೋಗ್ಬೇಕು ನಾನು, ಅಷ್ಟೇ."

ಅವನು ಹೋದ ಮೇಲೆ ವಿದ್ಯಾರ್ಥಿ ಸಂಘದ ಮುಖ್ಯಸ್ಥ ಹಾರ್ತ್‌ವಿಗ್ ಬಂದ. ಜರ್ಮನ್ ನಾಡಿನವನು, ನಮ್ಮ ಮಾತನ್ನು ಪುಸ್ತಕದಿಂದ ಕಲಿತವನು.

"ಪೂಜ್ಯ ಮಾತೆಯೇ, ನಮ್ಮ ಸಂಘದ ನಿಯಮವು ಸ್ಪಷ್ಟವಾಗಿದೆ," ಎಂದ. "ಪ್ರಥಮ ದಿನದಂದು ಗಂಟೆ ಬಾರಿಸುವಾಗ ಗುರುವು ತುಪ್ಪಳದ ನಿಲುವಂಗಿಯಲ್ಲಿ ಪೀಠದ ಮೇಲಿರತಕ್ಕದ್ದು. ಇಲ್ಲದಿದ್ದಲ್ಲಿ ಪಾಠವು ಆರಂಭವಾಗಲಿಲ್ಲವೆಂದು ಭಾವಿಸಿ, ನಾವು ಎದುರಿನ ಕೋಣೆಯ ಬೊನಿಫಾಂತೆಯವರಲ್ಲಿಗೆ ತೆರಳುವೆವು."

"ಒಂದು ದಿನ ಸುಮ್ಮನೆ ಕೂತು ಕೇಳಿದ್ರೆ ಏನಪ್ಪಾ ಗಂಟು ಹೋಗೋದು ನಿಮ್ದು?"

"ನಮಗೆ ಆಕೆಯ ಪಾಠವೇ ಬೇಕು, ಮಾತೆಯೇ. ಬೊನಿಫಾಂತೆಯವರು ಕಳೆದ ವರ್ಷ ಒಂದೇ ಅಧ್ಯಾಯವನ್ನು ಎರಡು ಸಲ ಬೋಧಿಸಿದರು. ಎರಡನೆಯದು ತಮ್ಮದೇ ಮೊದಲನೆಯದಕ್ಕೆ ವಿರುದ್ಧವಾಗಿತ್ತು. ಆದರೆ ನಿಯಮವು ನಿಯಮವೇ." ಅವನ ಮುಖ ನೋಡಿದರೆ ಅಳು ಬರುವಂತಿತ್ತು. ಅರ್ಧ ಮೊಳ ಸಾಸೇಜು ಕಟ್ಟಿಸಿಕೊಂಡು ಹೋದ.

ಹೀಗೆ, ತೊಟ್ಟರೆ ನಗರ ಬಿಡುವುದಿಲ್ಲ, ತೊಡದಿದ್ದರೆ ಸಂಘ ಬಿಡುವುದಿಲ್ಲ. ಪೀಠ ಹೋದರೆ ಮಗಳು ಮತ್ತೆ ಸಾಸೇಜಿನ ಮೇಜಿಗೇ ಬರಬೇಕು. ಇದು ಮಬೀಲಿಯಾಳಿಗೂ ಬೇಡವಾಗಿತ್ತು. ಯೋಚನೆ ಮಾಡುತ್ತ ಕೈ ಬಿಗಿಮಾಡುವ ಚಾಳಿ ರಿಕೆಲ್ದಾಳಿಗೆ. ಅವಳು ತುಂಬಿದ ಸಾಸೇಜು ಬಾಣಲೆಯಲ್ಲಿ ಸಿಡಿಯುತ್ತಿತ್ತು. ಗಿರಾಕಿಗಳು ಕಡಿಮೆಯಾಗುತ್ತಿದ್ದರು.

ಮರುದಿನ ಬೊನಿಫಾಂತೆಯೇ ಬಂದರು. ಅರವತ್ತೊಂದು ವರ್ಷ, ಎರಡು ಸಲ ಮದುವೆಯಾಗಿ ಎರಡು ಸಲ ಒಬ್ಬಂಟಿಯಾದವರು. ರಿಕೆಲ್ದಾ ಪುಸ್ತಕದ ಅಂಗಡಿಗೆ ಹೋಗಿದ್ದಳು.

"ಮಬೀಲಿಯಮ್ಮಾ, ನಿಮ್ಮ ಕಷ್ಟಕ್ಕೆ ಪರಿಹಾರ ತಂದಿದೀನಿ."

"ಏನು ಸ್ವಾಮಿ?"

"ನಾನೇ."

ಮಬೀಲಿಯಾ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಮಾಂಸ ಕೊಳ್ಳುವಾಗ ನೋಡುವ ರೀತಿಯಲ್ಲೇ ನೋಡಿದಳು. ಬೇರೆ ರೀತಿ ಅವಳಿಗೆ ಗೊತ್ತಿರಲಿಲ್ಲ.

"ಮದುವೆಯಾದ ಕ್ಷಣದಿಂದ ಅವಳು ಡಾಕ್ಟರ ಹೆಂಡತಿ," ಎಂದರು ಬೊನಿಫಾಂತೆ. "ತುಪ್ಪಳ ಕುತ್ತಿಗೆವರೆಗೂ ಹಾಕ್ಕೋಬಹುದು. ಯಾರಪ್ಪ ಕೇಳ್ತಾನೆ?"

"ಪಾಠ?"

"ಒಂದು ಮನೇಲಿ ಒಬ್ಬರು ಪಾಠ ಹೇಳಿದ್ರೆ ಸಾಕಲ್ವಾ? ಅವಳ ಹುಡುಗರು ನನ್ನ ಹತ್ರಾನೇ ಬರ್ತಾರೆ. ಬೆಂಚು ಬೇಕಾದಷ್ಟಿದೆ."

"ಮತ್ತೆ ಅವಳು ತುಪ್ಪಳ ಹಾಕ್ಕೊಂಡು ಏನು ಮಾಡ್ಬೇಕು?"

"ನಮ್ಮಮ್ಮನ ಜೊತೆ ಕೂತ್ಕೋಬಹುದು," ಎಂದರು ಬೊನಿಫಾಂತೆ, ಅದಕ್ಕಿಂತ ಸುಖವಿಲ್ಲ ಎಂಬಂತೆ. "ಅಮ್ಮನ ಹತ್ರಾನೂ ತುಪ್ಪಳ ಇದೆ."

ಸಂಜೆ ಮಗಳು ಬಂದಾಗ ಮಬೀಲಿಯಾ ಎಲ್ಲ ಹೇಳಿದಳು.

"ನೀನೇನಂದೆ ಅವ್ವಾ?"

"ಎರಡು ಸಾಸೇಜು ಕೊಟ್ಟು ಕಳಿಸಿದೆ."

"ಯಾವುದು ಕೊಟ್ಟೆ?"

"ನೀನು ತುಂಬಿದ್ದು."

ರಿಕೆಲ್ದಾ ನಗಲಿಲ್ಲ. "ಅವರು ಕೊಡೋದು ತುಪ್ಪಳ ಅಲ್ಲ ಅವ್ವ, ತಗೊಳ್ಳೋದು ಪೀಠ. ಹೆಂಡತಿಯಾಗಿ ಹಾಕ್ಕೊಂಡ್ರೆ ನಾನು ಡಾಕ್ಟರಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ," ಎಂದು ಹೇಳಿ ಮಹಡಿಗೆ ಹೋಗಿ ಪುಸ್ತಕಗಳ ನಡುವೆ ಕೂತಳು. ಐದು ದಿನ ಅಲ್ಲಿಂದ ಕೇಳಿಸಿದ್ದು ಹಾಳೆ ಮಗುಚುವ ಸದ್ದು, ಆಗೊಮ್ಮೆ ಈಗೊಮ್ಮೆ ಸತ್ತು ಎಂಟುನೂರು ವರ್ಷವಾದ ಯಾವನೋ ರೋಮನ್ ನ್ಯಾಯಾಧೀಶನಿಗೆ ಬೈಗುಳ. ಮಬೀಲಿಯಾ ಸಾರನ್ನು ಮೇಲೆ ಒಯ್ಯುತ್ತಿದ್ದಳು, ತಣ್ಣಗಾದದ್ದನ್ನು ಕೆಳಗೆ ತರುತ್ತಿದ್ದಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳು ಪೆಟ್ಟಿಗೆ ತೆಗೆದು ನಿಲುವಂಗಿಯನ್ನು ಗಾಳಿಗೆ ಹಾಕಿದಳು. ಹುಳ ಹಿಡಿಯಬಾರದೆಂದು, ಅಷ್ಟೇ. ಆಮೇಲೆ ಹೆಗಲಿಗೆ ಹಾಕಿಕೊಂಡಳು. ಭಾರ ಎಷ್ಟಿದೆ ನೋಡೋಣವೆಂದು. ಆಮೇಲೆ ತೋಳು ತೂರಿಸಿದಳು. ಇದಕ್ಕೆ ಅವಳ ಬಳಿಯೂ ಕಾರಣವಿರಲಿಲ್ಲ.

ನಲವತ್ತು ಚಳಿಗಾಲ ಅವಳು ಇಗರ್ಜಿಯ ಹಿಂದಿನ ಸಾಲಿನಲ್ಲಿ, ಕಲ್ಲುನೆಲದ ಮೇಲೆ ಕಾಲು ಮರಗಟ್ಟಿಸಿಕೊಂಡು ನಿಂತು, ಮುಂದಿನ ಸಾಲಿನ ತುಪ್ಪಳದ ಬೆನ್ನುಗಳನ್ನು ನೋಡುತ್ತ ಪ್ರಾರ್ಥಿಸಿದ್ದಳು. ದೇವರಿಗಿಂತ ಆ ಬೆನ್ನುಗಳೇ ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಒಳಗೆ ಹೇಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಈಗ ಗೊತ್ತಾಯಿತು: ಎಂಬತ್ತು ಬೆಕ್ಕಿನ ಮರಿಗಳು ಮೈಮೇಲೆ ನಿದ್ದೆ ಹೋದ ಹಾಗೆ. ಅವಳು ದೊಡ್ಡ ತಾಮ್ರದ ಬಾಣಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ತಳದಲ್ಲಿ ತನ್ನನ್ನು ನೋಡಿಕೊಂಡಳು. ಬಾಣಲೆಯಲ್ಲಿ ಒಬ್ಬ ಕೆಂಪು ಬಿಷಪ್ಪು ಕಂಡ.

ಆಗ ಅವಳಿಗೆ ಅಧಿಕಾರಿ ಇದೇ ಅಂಗಡಿಯಲ್ಲಿ ನಿಂತು ಬೆರಳು ಮಡಿಸಿ ಹೇಳಿದ ಮೂರು ಮಾತು ನೆನಪಾಯಿತು. ಹೆಂಡತಿ. ತಾಯಿ. ಮಗಳು. ಅವಳು ಮತ್ತೊಮ್ಮೆ ಎಣಿಸಿದಳು. ಎರಡನೆಯ ಬೆರಳಿನಲ್ಲಿ ನಿಂತಳು.

ಮಗಳ ಸಮಸ್ಯೆ ಮಗಳದು. ಅದು ದೊಡ್ಡ ಸಮಸ್ಯೆ, ಪುಸ್ತಕ ಬೇಕು. ತನ್ನದು ಸಣ್ಣದು. ಮುದ್ರೆ ಹಾಕಿಸಲು ಇವತ್ತೇ ಕೊನೆಯ ದಿನ. ನಾಳೆ ಹಬ್ಬದ ಪೂಜೆ. ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಒಂದು ಬೆಳಿಗ್ಗೆ ಮುಂದಿನ ಸಾಲು ನೋಡಿದರೆ ಅಳಿಲುಗಳಿಗೇನೂ ನಷ್ಟವಿಲ್ಲ. ಅವಳು ಅಂಗಡಿಗೆ ಅಗುಳಿ ಹಾಕಿ ಹೊರಟಳು.

ನಗರಸಭೆಯ ಕಮಾನಿನ ಕೆಳಗೆ ಊರಿನ ದೊಡ್ಡ ಹೆಂಗಸರೆಲ್ಲ ಬಟ್ಟೆ ಹಿಡಿದು ಸಾಲುಗಟ್ಟಿದ್ದರು. ಮೊದಲು ಅಳತೆ. ನಿಲುವಂಗಿ ಅರ್ಮಾನ್ನೊನ ಎತ್ತರಕ್ಕೆ ಹೊಲಿದದ್ದು; ಮಬೀಲಿಯಾಳ ಹಿಂದೆ ಅದು ಮೂರು ಗೇಣು ನೆಲ ಗುಡಿಸುತ್ತಿತ್ತು. "ಕಾನೂನು ಒಂದೇ ಗೇಣು," ಎಂದ ಅಳತೆಗೋಲಿನವನು. ಪಕ್ಕದಲ್ಲೇ ಕತ್ತರಿ ಹಿಡಿದು ಕೂತ ದರ್ಜಿ, "ಎಲ್ಲಿಗೆ ಕತ್ತರಿಸಲಿ ಅಮ್ಮಾ?" ಎಂದ. ನೆಲದ ಕೆಸರು ನೋಡಿ ಮಬೀಲಿಯಾ, "ಒಂದು ಗೇಣೂ ಬೇಡಪ್ಪ, ಕಾಲಿಗೆ ಸರಿಯಾಗಿ ಕತ್ತರಿಸು," ಎಂದಳು. ಆ ಮೂರು ಗೇಣಿಗೆ ತುಪ್ಪಳವಿರಲಿಲ್ಲ, ಬರೀ ಕೆಂಪು ಬಟ್ಟೆ. ಅವನು ಕತ್ತರಿಸಿದ.

ಆಮೇಲೆ ವಿತಾಲೆಯ ಮೇಜು. ವಿತಾಲೆ ಬೆರಾರ್ದೊ ತನ್ನ ಜೊತೆ ಕರೆತಂದ ನೋಟರಿ, ಅವನ ಊರಿನವನೇ. ಬೆಳಗಿನಿಂದ ನೂರನಲವತ್ತು ಹೆಂಗಸರ ಹೆಸರು ಬರೆದು ಮುಗಿಸಿದ್ದ. ತಲೆಯೆತ್ತಿ ನೋಡುವುದನ್ನು ನಲವತ್ತನೆಯವಳ ಹೊತ್ತಿಗೇ ಬಿಟ್ಟಿದ್ದ.

"ಹೆಸರು?"

"ಮಬೀಲಿಯಾ. ಸಾಸೇಜಿನ ಮಬೀಲಿಯಾ."

"ಬಟ್ಟೆ?"

"ನಿಲುವಂಗಿ. ಹೊರಗೆ ಕೆಂಪು, ಒಳಗೆ ಅಳಿಲು."

"ಎಷ್ಟು ಅಳಿಲು?"

"ಹಂದಿಯಾಗಿದ್ರೆ ಹೇಳ್ತಿದ್ದೆ. ನೀವೇ ಎಣಿಸ್ಕೊಳ್ಳಿ."

ವಿತಾಲೆ ಎಣಿಸಿದ. ಎಂಬತ್ತು. "ಯಾವ ಹಕ್ಕಿನಿಂದ?"

"ಡಾಕ್ಟರ ತಾಯಿ."

"ಡಾಕ್ಟರ ಹೆಸರು?"

"ರಿಕೆಲ್ದಾ."

ವಿತಾಲೆ ಸರಪಣಿಗೆ ಕಟ್ಟಿದ ಡಾಕ್ಟರುಗಳ ಪಟ್ಟಿಯನ್ನು ಎಳೆದುಕೊಂಡು ಬೆರಳಿಟ್ಟು ಕೆಳಗಿಳಿದ. ಬೆರಳು ಒಂದು ಕಡೆ ನಿಂತಿತು.

"ಇದೆ," ಎಂದು ಬರೆದುಕೊಂಡ.

ಹಿಂದಿನಿಂದ ಯೋಧನೊಬ್ಬನ ಹೆಂಡತಿ ತಡೆಯಲಾರದೆ ಕಿರುಚಿದಳು: "ಅಯ್ಯೋ, ಈ ಹೆಂಗಸು ಹಂದಿಮಾಂಸ ಮಾರೋಳು ಕಣ್ರೀ!"

"ಹಂದಿ ಈ ಪುಸ್ತಕದಲ್ಲಿ ಬರಲ್ಲಮ್ಮ," ಎಂದ ವಿತಾಲೆ, ತಲೆಯೆತ್ತದೆ. ಇಕ್ಕಳದಿಂದ ಸೀಸದ ಮುದ್ರೆಯನ್ನು ಕೊರಳಪಟ್ಟಿಯ ಒಳಗೆ ಒತ್ತಿ, "ಮುಂದೆ," ಎಂದ.

ಹಬ್ಬದ ದಿನ ಮಬೀಲಿಯಾ ಇಗರ್ಜಿಯ ಮುಂದಿನ ಸಾಲಿನಲ್ಲಿ, ಬೊನಿಫಾಂತೆಯ ತಾಯಿಯ ಪಕ್ಕದಲ್ಲಿ ನಿಂತಳು. ಮುದುಕಿ ಕೈ ಚಾಚಿ ಅವಳ ತುಪ್ಪಳವನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿ, "ಹಳೇದು. ಆದ್ರೆ ಒಳ್ಳೇದು," ಎಂದಿತು. "ನಿನ್ನ ಮಗನೂ ಡಾಕ್ಟರಾ?"

"ಮಗಳು."

"ಹೋಗಲಿ ಬಿಡು. ಮಗನಾದ್ರೆ ಏನು ಮಹಾ ಸುಖ. ನಂದನ್ನ ನೋಡು," ಎಂದಿತು ಮುದುಕಿ, ಊದುಬತ್ತಿಯ ಹೊಗೆಯ ನಡುವೆ ಮಗನ ಕಡೆ ಗಲ್ಲ ತೋರಿಸಿ.

ಮಬೀಲಿಯಾ ಮನೆಗೆ ಬರುವಷ್ಟರಲ್ಲಿ ರಿಕೆಲ್ದಾ ತೆರೆದ ಪೆಟ್ಟಿಗೆಯ ಮುಂದೆ ನಿಂತಿದ್ದಳು. ತಾಯಿಯನ್ನು ನೋಡಿದಳು. ಕೆಳಗಿನ ಅಂಚನ್ನು ನೋಡಿದಳು.

"ಅವ್ವಾ! ಕತ್ತರಿಸಿಬಿಟ್ಯಾ?"

"ಕೆಸರಿತ್ತು ಕಣೇ."

"ನಾಳೆ ಬೆಳಿಗ್ಗೆ ನನ್ನ ಪೀಠ ಹೋಗ್ತಿದೆ, ನೀನು ನನ್ನ ಗುರುವಿನ ನಿಲುವಂಗೀನ ಕತ್ತರಿಸಿ ಪೂಜೆಗೆ ಹಾಕ್ಕೊಂಡು ಹೋಗಿದೀಯ! ಅಧಿಕಾರಿ ಹಿಡಿದಿದ್ರೆ?"

"ಯಾಕೆ ಹಿಡೀತಾನೆ? ಬಾಗಿಲಲ್ಲೇ ನಿಂತಿದ್ದ. ಮುದ್ರೆ ತೋರಿಸ್ದೆ. ಮುಖಾನೂ ನೋಡದೆ ಬಗ್ಗಿ ನಮಸ್ಕಾರ ಮಾಡ್ದ." ಮಬೀಲಿಯಾಳಿಗೂ ಈಗ ಸಿಟ್ಟು ಬಂತು. "ನಲವತ್ತು ವರ್ಷ ಚಳಿಯಲ್ಲಿ ನಿಂತಿದೀನಿ ನಾನು. ನಿನ್ನ ಹೊಟ್ಟೇಲಿಟ್ಟುಕೊಂಡು ಒಂದು ಚಳಿಗಾಲ ಪೂರ್ತಿ ನಿಂತಿದೀನಿ. ಒಂದು ದಿನ ಬೆಚ್ಚಗಿದ್ರೆ ನಿನ್ನ ರೋಮಿನವರು ಎದ್ದು ಬರ್ತಾರಾ?"

ರಿಕೆಲ್ದಾ ಒಂದು ಹೆಜ್ಜೆ ಹತ್ತಿರ ಬಂದಳು. "ಯಾವ ಮುದ್ರೆ?"

ಮಬೀಲಿಯಾ ಕೊರಳಪಟ್ಟಿ ಮಗುಚಿ ತೋರಿಸಿದಳು.

"ಯಾವ ಹಕ್ಕು ಅಂತ ಹೇಳ್ದೆ?"

"ಇರೋದನ್ನೇ. ಡಾಕ್ಟರ ತಾಯಿ ಅಂತ."

"ಡಾಕ್ಟರ ಹೆಸರು ಕೇಳಿದ್ರಾ?"

"ಕೇಳಿದ್ರು. ಹೇಳ್ದೆ. ಪಟ್ಟಿ ನೋಡಿದ್ರು. ಬರ್ಕೊಂಡ್ರು."

"ಬರ್ಕೊಂಡ್ರು," ಎಂದಳು ರಿಕೆಲ್ದಾ ಮೆಲ್ಲಗೆ. "ನೋಟರಿ. ಅಧಿಕಾರಿಯ ಪುಸ್ತಕದಲ್ಲಿ." ಅವಳು ಪೆಟ್ಟಿಗೆಯ ಮೇಲೆ ಕೂತಳು. ಮೊದಲು ಭುಜ ಅಲುಗಿತು. ಅಳುತ್ತಿದ್ದಾಳೆಂದು ಮಬೀಲಿಯಾ ಹತ್ತಿರ ಹೋದಳು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅವ್ವಾ, ಏನಿದೆ ತಿನ್ನೋಕೆ?" ಎಂದಳು. ಆರು ದಿನದಲ್ಲಿ ಅವಳು ಕೇಳಿದ ಮೊದಲ ಊಟ ಅದು. ಮಬೀಲಿಯಾಳಿಗೆ ಏನೂ ಅರ್ಥವಾಗಲಿಲ್ಲ. ಊಟ ಬಡಿಸಿದಳು.

ಮರುದಿನ ಬೆಳಿಗ್ಗೆ ಪಾಠದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂರಿಪ್ಪತ್ತು ವಿದ್ಯಾರ್ಥಿಗಳ ಜೊತೆಗೆ, ಅಧಿಕಾರಿ ಡಾಕ್ಟರಮ್ಮನ ಮೈಮೇಲಿಂದ ಬಟ್ಟೆ ಬಿಚ್ಚುತ್ತಾನೆ ಎಂಬ ಸುದ್ದಿಗೆ, ಕಾನೂನಿನಲ್ಲಿ ಹಿಂದೆಂದೂ ಆಸಕ್ತಿ ತೋರದ ಮೂವತ್ತು ಮಂದಿ ಬಂದಿದ್ದರು. ಎದುರಿನ ಕೋಣೆಯಲ್ಲಿ ಬೆಂಚು ಒರೆಸಿಟ್ಟು ಬಂದ ಬೊನಿಫಾಂತೆ ಬಾಗಿಲ ಬಳಿ ನಿಂತಿದ್ದರು. ಮಬೀಲಿಯಾಳನ್ನು ಹಾರ್ತ್‌ವಿಗ್ ಮೊದಲ ಬೆಂಚಿನಲ್ಲಿ ಕೂರಿಸಿದ್ದ. ರಿಕೆಲ್ದಾ ಪೀಠ ಹತ್ತಿದಳು. ಕೆಂಪು ನಿಲುವಂಗಿ ಮೊಣಕಾಲಿನ ಕೆಳಗೆ ಒಂದು ಗೇಣಿಗೆ ಮುಗಿದು, ಅಲ್ಲಿಂದ ಕೆಳಕ್ಕೆ ಉಣ್ಣೆಯ ಕಾಲುಚೀಲ ಕಾಣುತ್ತಿತ್ತು. ಗಂಟೆ ಹೊಡೆಯಿತು.

"ನಿಲ್ಲಿಸಿ," ಎಂದ ಬೆರಾರ್ದೊ. ವಿತಾಲೆ ಪುಸ್ತಕ ಹೊತ್ತು ಹಿಂದೆಯೇ ಬಂದ. "ಅಮ್ಮಾ, ಹೇಳಿದ್ದೆ ನಿಮಗೆ. ಬಿಚ್ಚಿ."

"ಮುದ್ರೆ ಇದೆಯಲ್ಲ ಸ್ವಾಮಿ," ಎಂದಳು ರಿಕೆಲ್ದಾ, ಕೊರಳಪಟ್ಟಿ ಮಗುಚಿ.

ಬೆರಾರ್ದೊ ಮುದ್ರೆಯನ್ನು ನೋಡಿದ. ತನ್ನದೇ. "ಎಲ್ಲಿಂದ ಬಂತು ಇದು?"

"ನಿಮ್ಮ ಪುಸ್ತಕದಲ್ಲಿ ಇರಬೇಕು. ಓದಿಸಿ."

ವಿತಾಲೆ ಹಾಳೆ ಮಗುಚಿ, ಸಂಖ್ಯೆ ಹುಡುಕಿ, ಗಟ್ಟಿಯಾಗಿ ಓದಿದ: "ನೂರನಲವತ್ತೊಂದು. ಕೆಂಪು ನಿಲುವಂಗಿ, ಅಳಿಲು ಎಂಬತ್ತು. ತೊಡುವವರು ಮಬೀಲಿಯಾ. ಹಕ್ಕು: ಕಾನೂನಿನ ಡಾಕ್ಟರ್ ರಿಕೆಲ್ದಾ ಅವರ ತಾಯಿ. ಪಟ್ಟಿಯಲ್ಲಿ ಹೆಸರು ನೋಡಲಾಗಿದೆ. ಅನುಮತಿಸಲಾಗಿದೆ."

ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ಬೆರಾರ್ದೊ ವಿತಾಲೆಯ ಕಡೆ ತಿರುಗಿದ.

"ಹೆಂಗಸಿನ ಹೆಸರು ಅಂತ ಕಾಣಿಸಲಿಲ್ವೇನೋ ನಿನಗೆ?"

"ಕಾಣಿಸ್ತು. ಪಟ್ಟಿಯಲ್ಲಿ ಇದೆಯಾ ನೋಡು ಅಂದ್ರಿ. ಇತ್ತು. ಯಾರ ಹೆಸರು ಅಂತ ನೋಡೋದು ನನ್ನ ಕೆಲಸ ಅಂತ ಹೇಳಲಿಲ್ಲ."

"ಹೊಡೆದು ಹಾಕು ಆ ಸಾಲನ್ನ."

ವಿತಾಲೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಬರೆದದ್ದನ್ನ ಹೊಡೆದು ಹಾಕಿದ ನೋಟರಿ ಕೈ ಕತ್ತರಿಸ್ತಾರೆ ಈ ಊರಲ್ಲಿ. ನೀವೇ ಹಾಕಿ. ನಿಮಗೆ ಬೇಡವಾದ ಕೈಯಿಂದ."

"ಸರಿ. ಮುದ್ರೆ ತಾಯಿಗೆ. ತೊಟ್ಟಿರೋದು ಮಗಳು," ಎಂದ ಬೆರಾರ್ದೊ, ಹಿಡಿಯಲು ಏನೋ ಸಿಕ್ಕಿದವನಂತೆ.

"ನಮ್ಮವ್ವನಿಗೆ ಆ ಹಕ್ಕು ಎಲ್ಲಿಂದ ಬಂತು ಸ್ವಾಮಿ?" ಎಂದಳು ರಿಕೆಲ್ದಾ. ದನಿ ಏರಿಸಲಿಲ್ಲ, ಪಾಠ ಶುರುವಾದಂತೆಯೇ ಇತ್ತು. "ನಮ್ಮಪ್ಪನಿಂದ ಅಲ್ಲ. ಅದು ನಡೆಯಲ್ಲ ಅಂತ ನೀವೇ ಹೇಳಿದ್ರಿ. ನನ್ನಿಂದ ಬಂತು. ನನ್ನ ಹತ್ತಿರ ಇಲ್ಲದ್ದು ನನ್ನಿಂದ ಅವಳಿಗೆ ಹೇಗೆ ಹೋಯ್ತು? ಈ ಕಾನೂನಿನ ಮಟ್ಟಿಗೆ ನಾನು ಡಾಕ್ಟರಲ್ಲದಿದ್ರೆ, ಮೊನ್ನೆ ಹಕ್ಕಿಲ್ಲದ ಹೆಂಗಸಿಗೆ ಮುದ್ರೆ ಒತ್ತಿಸಿ, ನಿನ್ನೆ ಇಡೀ ಊರಿನ ಮುಂದೆ ಇಗರ್ಜಿ ಬಾಗಿಲಲ್ಲಿ ಬಗ್ಗಿ ನಮಸ್ಕಾರ ಮಾಡಿದ ಅಧಿಕಾರಿ ನೀವು. ಡಾಕ್ಟರಾದ್ರೆ, ಪಾಠ ಶುರುಮಾಡೋಕೆ ಬಿಡಿ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ. ಇನ್ನು ಎರಡು ತಿಂಗಳಿಗೆ ನಿಮ್ಮ ಪುಸ್ತಕ ಓದೋಕೆ ಕೂರೋರಿಗೂ ತಿಳೀಲಿ."

ಬೆರಾರ್ದೊ ಬಾಗಿಲ ಕಡೆ ನೋಡಿದ. "ಡಾಕ್ಟರ್ ಬೊನಿಫಾಂತೆ! ಕಾನೂನು ಬರೆದವರು ನೀವು. ಈಕೆ ಡಾಕ್ಟರಲ್ಲ ಅಂತ ಹೇಳಿ. ಒಂದು ಮಾತು ಸಾಕು ನನಗೆ."

ಎಲ್ಲರೂ ತಿರುಗಿದರು. ಬೊನಿಫಾಂತೆ ಮಾತಿಗೆ ಬಾಯಿ ತೆರೆದರು. ಆಗ ಅವರ ಹಿಂದೆ ಬೀದಿಯಲ್ಲಿ ಇಳಿಸಿದ್ದ ಪಲ್ಲಕ್ಕಿಯ ಪರದೆ ಸರಿಯಿತು.

"ಏನು ಹೇಳ್ತೀಯೋ?" ಎಂದಿತು ತೊಂಬತ್ತು ವರ್ಷದ ದನಿ. "ತಾಯಂದಿರ ತುಪ್ಪಳ ಬಿಚ್ಚಿಸೋ ಮಾತಾ?"

"ಅಲ್ಲಮ್ಮಾ, ಇದು ಬೇರೆ..."

"ಇವಳದ್ದು ಬಿಚ್ಚಿಸಿದ್ರೆ ನಾಳೆ ನಂದು. ನಿನ್ನ ರುಜು ಇದೆಯಾ ಇಲ್ವಾ ಆ ಹುಡುಗಿಯ ಪತ್ರದಲ್ಲಿ?"

"ಇದೆ."

"ಎಷ್ಟನೇದು?"

"ಮೂರನೇದು," ಎಂದರು ಬೊನಿಫಾಂತೆ, ನೆಲ ನೋಡುತ್ತ.

"ಮತ್ತೆ?"

ಬೊನಿಫಾಂತೆ ತಿರುಗಿ ಪಲ್ಲಕ್ಕಿಯ ಪರದೆಯನ್ನು ಸರಿಮಾಡತೊಡಗಿದರು. ಬೆರಾರ್ದೊ ಅವರ ಬೆನ್ನನ್ನು ನೋಡಿದ. ಆಮೇಲೆ ಪುಸ್ತಕವನ್ನು, ಮುದ್ರೆಯನ್ನು, ವಿತಾಲೆಯ ಬೆನ್ನ ಹಿಂದಿನ ಕೈಯನ್ನು ನೋಡಿದ. ತನ್ನ ಊರಿನ ಬೆಟ್ಟಗಳೂ ಅವನಿಗೆ ಕಂಡಿರಬೇಕು.

"ಪುಸ್ತಕ ಮುಚ್ಚು," ಎಂದು ವಿತಾಲೆಗೆ ಹೇಳಿ, ಪೀಠದ ಕಡೆ ತಿರುಗಿ ಟೋಪಿ ತೆಗೆದ. "ಮುಂದುವರಿಸಿ, ಡಾಕ್ಟರಮ್ಮಾ."

ಹಾರ್ತ್‌ವಿಗ್ ಮಾತ್ರ ಪೀಠದ ಬುಡಕ್ಕೆ ಹೋಗಿ, ಕಾಲುಚೀಲವನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದ. ಮಬೀಲಿಯಾ ಬೆಂಚಿನಿಂದ ಮುಂದಕ್ಕೆ ಬಗ್ಗಿದಳು.

"ಉದ್ದದ ಬಗ್ಗೆಯೂ ಇದೆಯಾ ನಿಮ್ಮ ನಿಯಮದಲ್ಲಿ?" ಎಂದು ಪಿಸುಗುಟ್ಟಿದಳು.

"ಇರಲೂಬಹುದು, ಮಾತೆಯೇ," ಎಂದ ಹಾರ್ತ್‌ವಿಗ್ ನೆಟ್ಟಗಾಗುತ್ತ. "ನಿಯಮಗಳ ಪುಸ್ತಕವನ್ನು ನಾನು ಇಂದು ಮನೆಯಲ್ಲಿ ಮರೆತು ಬಂದಿರುವೆನು. ಇದು ನನ್ನ ಜೀವನದಲ್ಲಿ ಪ್ರಥಮ ಬಾರಿ."

ಪಾಠ ಶುರುವಾಯಿತು. ಮಬೀಲಿಯಾ ಹತ್ತು ನಿಮಿಷ ಕೇಳಿದಳು. ಯಾರದೋ ತೋಟದ ಮರದ ಹಣ್ಣು ಇನ್ನೊಬ್ಬನ ತೋಟದಲ್ಲಿ ಬಿದ್ದರೆ ಯಾರದ್ದು ಎಂಬ ವಿಚಾರ. ಹಣ್ಣು ಅಷ್ಟರಲ್ಲಿ ಕೊಳೆತುಹೋಗುವುದೆಂದು ಅವಳಿಗೆ ಅನ್ನಿಸಿತು. ಎದ್ದು ಅಂಗಡಿ ತೆರೆಯಲು ಹೋದಳು.

ಕಾನೂನನ್ನು ತಿದ್ದಬೇಕೆಂದು ನಗರಸಭೆ ಆ ಚಳಿಗಾಲ ಆರು ಸಲ ಸೇರಿತು. ತಿದ್ದಲು ನೇಮಿಸಿದ ನಾಲ್ವರು ಡಾಕ್ಟರುಗಳೂ ರಿಕೆಲ್ದಾಳ ಪತ್ರಕ್ಕೆ ರುಜು ಹಾಕಿದವರೇ ಆಗಿದ್ದರು. ಏನೂ ತಿದ್ದಲಿಲ್ಲ. ಬೆರಾರ್ದೊನ ಪುಸ್ತಕದಲ್ಲಿ ತಪ್ಪು ಸಿಗಲಿಲ್ಲ. ಅವನು ಕ್ರಿಸ್‌ಮಸ್‌ಗೆ ಮೊದಲು ತನ್ನ ಊರಿಗೆ ಹೋದ. ನಿಲುವಂಗಿ ವಾರದ ದಿನಗಳಲ್ಲಿ ಮಗಳದಾಯಿತು, ಭಾನುವಾರ ಮತ್ತು ಹಬ್ಬಗಳಲ್ಲಿ ತಾಯಿಯದು. ತಾಯಿಗೆ ಅದು ಅಳತೆಗೆ ಸರಿಯಾಗಿತ್ತು. ಮಗಳಿಗೆ ಗಿಡ್ಡವಾಗಿತ್ತು.